ಬಿಸಿಲಾಗದ ತಂಗಿ, ಮೀಸೆಯ ಸೂರ್ಯ

ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿದ್ದಾಗ ನಾನು ಹೈಸ್ಕೂಲು ಹುಡುಗ. ಅಕ್ಕಪಕ್ಕದವರೆಲ್ಲರ ದನಿಯನ್ನು ಅಣಕಿಸುವುದೇ ನನ್ನ ಕಸುಬು. ಗಂಟಲು ಒಡೆಯುವ ವಯಸ್ಸಾದ್ದರಿಂದ ಹೆಂಗಸರ ದನಿ ಬೇಡವೆಂದರೂ ತಾನಾಗಿ ಬರುತ್ತಿತ್ತು.

ಎಂಟು ವರ್ಷದ ತಂಗಿಗೆ ಬಿಸಿಲೇ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತರೂ ಮುಖ ಊದಿ ಬೊಬ್ಬೆ ಏಳುತ್ತಿತ್ತು. ಆಸ್ಪತ್ರೆಯ ಡಾಕ್ಟರು, ಬಲು ಅಪರೂಪದ ಕಾಯಿಲೆ, ಅಂಟುವುದಲ್ಲ, ನೆರಳಲ್ಲಿಡಿ ಎಂದಿದ್ದರು. ಪಕ್ಕದ ಮನೆಯ ಅಜ್ಜಿ ಮಾತ್ರ ಬೊಬ್ಬೆ ನೋಡಿ ಸಿಡುಬಿನ ಅಮ್ಮನೇ ಎಂದು ತೀರ್ಮಾನಿಸಿ, ಉಪಕಾರವೆಂದು ತಾವೇ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೋದರು. ಸೊಪ್ಪು ಕಂಡ ಮೇಲೆ ಯಾವ ತಾಯಿ ತಾನೇ ಮಕ್ಕಳನ್ನು ಕಳಿಸುತ್ತಾಳೆ? ಬೊಬ್ಬೆ ಮಾಯಿತು, ತಂಗಿಯ ಜೊತೆ ಆಡಲು ಮಾತ್ರ ಯಾರೂ ಬರಲಿಲ್ಲ. ಸ್ಕೂಲಿನಲ್ಲೂ ಬೆಂಚಿಗೆ ಅವಳೊಬ್ಬಳೇ.

ನನ್ನ ತಾಯಿ ಮನೆಮನೆಗೆ ಹೋಗಿ ಇದು ಅಂಟುವುದಲ್ಲವೆಂದು ಹೇಳಿ ಸೋತರು. ನಾನು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಚೌಕ ಹಾಕಿ ಚಿತ್ರಕಥೆ ಬರೆದೆ. ಸೂರ್ಯನಿಗೆ ನಮ್ಮ ಡ್ರಿಲ್ ಮೇಷ್ಟ್ರ ಮೀಸೆ. ನನಗೆ ಕತ್ತೆಯ ಕಿವಿ. ಅದನ್ನು ತಂಗಿಯೇ ಬಿಡಿಸಿದಳು, ಹೋಲಿಕೆ ಚೆನ್ನಾಗಿ ಬಂತು.

ಹೊತ್ತು ಮುಳುಗಿದ ಮೇಲೆ ಜಗಲಿಯಲ್ಲಿ ಹಾಳೆಗಳನ್ನು ತೂಗುಹಾಕಿ ಸೂರ್ಯನ ಮಾತಿಗೆ ಮೇಷ್ಟ್ರ ದನಿ ತೆಗೆದೆ: "ಯಾರೇ ಅದು ನೆರಳಲ್ಲಿ? ಬಾ ಹೊರಗೆ."

ಮಕ್ಕಳು ಗೇಟಿನಾಚೆ ಜಮಾಯಿಸಿದರು. ಮುಂದಿನ ಚೌಕದಲ್ಲಿ ಸೂರ್ಯ ತಂಗಿಯ ಕೆನ್ನೆ ಮುಟ್ಟಿದ, ಬೊಬ್ಬೆ ಎದ್ದಿತು. ಅದರ ಮುಂದಿನದರಲ್ಲಿ ಗೆಳತಿಯೊಬ್ಬಳು ಅವಳ ಕೈ ಹಿಡಿದಳು, ಗೆಳತಿಗೆ ಏನೂ ಆಗಲಿಲ್ಲ.

"ಅಂಟಲ್ವಾ?" ಎಂದಳು ಅಜ್ಜಿಯ ಮೊಮ್ಮಗಳು.

"ಅಂಟೋದಾಗಿದ್ರೆ ಮೊದ್ಲು ನಂಗೇ ಅಂಟ್ಬೇಕಿತ್ತು ಕಣೇ. ದಿನಾ ಅವಳ ತಟ್ಟೆಯಿಂದ ಹಪ್ಪಳ ಕದೀತೀನಿ."

"ನಿನ್ ಮುಖಕ್ಕೆ ಏನ್ ಅಂಟಿದ್ರೂ ಗೊತ್ತಾಗಲ್ಲ ಬಿಡು," ಎಂದಳು ಮೊಮ್ಮಗಳು.

ಹಿಂದೆ ನಿಂತಿದ್ದ ಅಜ್ಜಿಯೂ ನಕ್ಕರು. "ಹಂಗಾದ್ರೆ ಅಮ್ಮ ಅಲ್ವೇನೋ ಇದು?"

"ಅಲ್ಲ ಅಜ್ಜಿ, ಬಿಸಿಲು."

"ಹೋಗ್ರೇ ಒಳಗೆ, ಆಡ್ಕೊಳ್ರೇ," ಎಂದು ಅವರೇ ಗೇಟು ತೆಗೆದರು.

ಮರುದಿನ ಸ್ಕೂಲು ಬಿಟ್ಟ ಮೇಲೆ ಹುಡುಗಿಯರು ನಮ್ಮ ಮನೆಯೆದುರಿನ ನೀರಿನ ಟ್ಯಾಂಕಿನ ನೆರಳಲ್ಲಿ ಕುಂಟೆಬಿಲ್ಲೆಯ ಮನೆ ಬರೆದರು. ನೆರಳು ಸರಿದಂತೆ ಅಳಿಸಿ ಪಕ್ಕಕ್ಕೆ ಬರೆದರು. ಹಳೆ ಸೀರೆಯ ತುಂಡಿನಿಂದ ಮುಖ ಮುಚ್ಚಿಕೊಂಡಿದ್ದ ತಂಗಿ ಗೆರೆ ತುಳಿದು, ತುಳಿದಿಲ್ಲವೆಂದು ವಾದಿಸಿದಳು.

"ಮೋಸಗಾತಿ, ನಾನ್ ನೋಡ್ದೆ."

"ನಿನ್ ಕಣ್ಣಿಗೆ ಮಣ್ಣು ಬಿದ್ದಿದೆ ಕಣೇ."

ಆ ಜಗಳ ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. ಬಿಡಿಸಲು ಎದ್ದ ನನ್ನನ್ನು ತಾಯಿ ಕೈಹಿಡಿದು ಕೂರಿಸಿದರು. "ಆಡ್ಲಿ ಬಿಡೋ," ಎಂದರು, "ಎಷ್ಟ್ ದಿನ ಆಗಿತ್ತು."