ತಾತನ ಲೈಫ್ ಸ್ಕೆಚ್ಚು, ಪೇತ್ರನ ಸುಳ್ಳು

ಹೋದ ಬುಧವಾರ ದೋಸೆ ಮುರಿಯುತ್ತಾ ನನ್ನ ಮಗಳು ಶರೋನ್ ಹೇಳಿದಳು, "ಅಪ್ಪ, ಭಾನುವಾರ ನಾನು ಕನ್ಫರ್ಮೇಷನ್ ತಗೊಳ್ಳಲ್ಲ."

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವು ಮಕ್ಕಳಾಗಿದ್ದಾಗ ಅಪ್ಪ ಅಮ್ಮ ನಮ್ಮ ಪರವಾಗಿ ಒಪ್ಪಿಕೊಂಡ ನಂಬಿಕೆಯನ್ನು, ಬುದ್ಧಿ ಬಂದ ಮೇಲೆ ನಾವೇ ಚರ್ಚಿನಲ್ಲಿ ಎಲ್ಲರೆದುರು ಒಪ್ಪಿಕೊಳ್ಳುವ ದಿನ ಅದು. ಬಿಳಿ ಸೀರೆ ಬಂದಾಗಿತ್ತು. ಬಿಷಪ್ ಬರುವವರಿದ್ದರು. ನೆಂಟರಿಗೆ ಬಿರಿಯಾನಿಯೂ ಹೇಳಿಯಾಗಿತ್ತು. (ಒಪ್ಪುತ್ತೇನೆ, ಮೊದಲು ನೆನಪಾದದ್ದು ಬಿರಿಯಾನಿಯೇ.)

ಕಾರಣ? ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಕೊಂಡ ಒಂದು ಇಂಗ್ಲಿಷ್ ಥ್ರಿಲ್ಲರ್. ಅದರ ಪ್ರಕಾರ ಹಿಂದಿನ ಕಾಲದ ಚರ್ಚಿನ ಹಿರಿಯರು ಒಟ್ಟಿಗೆ ಕೂತು, ತಮಗೆ ಮುಜುಗರ ತರುವುದನ್ನೆಲ್ಲ ಬೈಬಲಿನಿಂದ ಕಿತ್ತುಹಾಕಿದರಂತೆ. ನಾವು ಓದುತ್ತಿರುವುದು ಪಾಲಿಶ್ ಮಾಡಿದ ಕಥೆಯಂತೆ.

"ಅದು ಕಾದಂಬರಿ ಕಣೇ" ಎಂದೆ.

"ಇರಬಹುದು. ಆದ್ರೆ ತಿದ್ದಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಗೊತ್ತಿರಲಿಲ್ಲ. ಐವತ್ತು ವರ್ಷ ಚರ್ಚಿಗೆ ಹೋಗಿಯೂ ಗೊತ್ತಿರಲಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ಬಂತು. ಇಂಟರ್ನೆಟ್ಟಿನಲ್ಲಿ ಹುಡುಕಿ ಹದಿನಾಲ್ಕು ಪುಟ ಪ್ರಿಂಟ್ ತೆಗೆದು ಅವಳ ಮೇಜಿನ ಮೇಲಿಟ್ಟೆ. ಅವಳು ಮುಟ್ಟಲಿಲ್ಲ. ಇವಳು ಚರ್ಚನ್ನೇ ಬಿಟ್ಟುಬಿಟ್ಟರೆ? ನಿಜಕ್ಕೂ ಹೆದರಿದ್ದೆ.

ಶನಿವಾರ ನಾನು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದೆ. ನನ್ನ ಅಮ್ಮ ಅಲ್ಲೇ ಕೂತು ಸೊಪ್ಪು ಬಿಡಿಸುತ್ತಾ ಮೊಮ್ಮಗಳನ್ನು ಕರೆದರು.

"ತಾತ ತೀರ್ಕೊಂಡಾಗ ನಿಮ್ಮಪ್ಪ ಚರ್ಚಲ್ಲಿ ಲೈಫ್ ಸ್ಕೆಚ್ ಓದಿದ್ನಲ್ಲ, ಜ್ಞಾಪಕ ಇದೆಯಾ?"

(ಸತ್ತವರ ಬದುಕನ್ನು ಒಂದು ಪುಟಕ್ಕಿಳಿಸಿ, ಮಣ್ಣಿಗೆ ಒಯ್ಯುವ ಮುಂಚೆ ಓದುವುದು ನಮ್ಮಲ್ಲಿ ರೂಢಿ.)

"ಹ್ಞೂಂ. ತುಂಬಾ ಚೆನ್ನಾಗಿತ್ತು."

"ತಾತ ಕುಡೀತಿದ್ದಿದ್ದು ಅದ್ರಲ್ಲಿ ಇತ್ತಾ?"

ನಾನು ಪೇಪರನ್ನು ಸ್ವಲ್ಪ ಮೇಲಕ್ಕೆ ಹಿಡಿದೆ.

"ಇರ್ಲಿಲ್ಲ" ಎಂದಳು ಶರೋನ್.

"ತಿದ್ದಿ ಬರೆದ್ರೆ ಹಾಗಿರುತ್ತೆ ನೋಡು. ಪೇತ್ರ ಯೇಸುನ ಶಿಷ್ಯರಲ್ಲೆಲ್ಲ ಮುಂದಿದ್ದೋನು, ಆಮೇಲೆ ಚರ್ಚಿಗೇ ಹಿರಿಯ ಆದೋನು. ಯೇಸುನ ಹಿಡ್ಕೊಂಡು ಹೋದಾಗ, ಆ ಮನುಷ್ಯ ಯಾರೋ ನಂಗೊತ್ತಿಲ್ಲ ಅಂದ. ಒಂದ್ಸಲ ಅಲ್ಲ, ಮೂರು ಸಲ. ಇದು ಯೇಸುನ ಕತೆ ಹೇಳೋ ನಾಲ್ಕು ಸುವಾರ್ತೇಲೂ ಇದೆ. ಯೇಸುನ ಸಮಾಧಿ ಖಾಲಿ ಇದೆ ಅಂತ ಹೆಂಗಸ್ರು ಓಡಿಬಂದು ಹೇಳಿದ್ರೆ ಗಂಡಸ್ರು ನಂಬಲಿಲ್ಲ, ಅದೂ ಇದೆ. ಮುಜುಗರ ಆಗೋದನ್ನ ಕಿತ್ತುಹಾಕೋರು ಇದನ್ನೆಲ್ಲ ಯಾಕಮ್ಮ ಬಿಟ್ರು?"

ಶರೋನ್ ಒಂದು ಕಡ್ಡಿ ಸೊಪ್ಪು ಎತ್ತಿಕೊಂಡು ಬಿಡಿಸತೊಡಗಿದಳು.

"ಅಷ್ಟಕ್ಕೇ ಎಲ್ಲಾ ನಿಜ ಅಂತ ಪ್ರೂವ್ ಆಗಲ್ಲ ಅಜ್ಜಿ."

"ಪ್ರೂವ್ ಆಗೋ ಹಾಗಿದ್ರೆ ನಂಬಿಕೆ ಯಾಕೆ ಬೇಕಿತ್ತು? ಮುಚ್ಚಿಟ್ಟಿಲ್ಲ ಅಂತಷ್ಟೇ ನಾನು ಹೇಳಿದ್ದು."

ಆ ರಾತ್ರಿ ಶರೋನ್ ಕೊನೆಗೂ ನನ್ನ ಹದಿನಾಲ್ಕು ಪುಟ ಓದಿದಳಂತೆ; ಅದರಲ್ಲಿ ಇದೂ ಇತ್ತಂತೆ, ಒಂಬತ್ತನೇ ಪುಟದಲ್ಲಿ. ನಾನೇ ಪೂರ್ತಿ ಓದಿರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದರೆ ಶರೋನ್ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. "ಡೌಟ್ಸ್ ಇನ್ನೂ ಇವೆ. ಬಿಷಪ್‌ನೂ ಕೇಳ್ತೀನಿ" ಎಂದಳು. ಧಾರಾಳವಾಗಿ ಕೇಳು ಎಂದೆ. ಹೋದ ಜೀವ ಬಂದಂತಾಗಿತ್ತು. ಚರ್ಚಿನಲ್ಲಿ ಅವಳು ಎಲ್ಲರಿಗೂ ಕೇಳುವಂತೆ "ಒಪ್ಪಿಕೊಳ್ಳುತ್ತೇನೆ" ಎಂದಾಗ ನಾನು ಕರ್ಚೀಫು ಹುಡುಕುತ್ತಿದ್ದೆ.

ಅಪ್ಪನ ಲೈಫ್ ಸ್ಕೆಚ್ಚಿನಲ್ಲಿ ಅಂದು ಓದದೆ ಬಿಟ್ಟದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ನನ್ನ ಅಪ್ಪ ಕುಡಿಯುತ್ತಿದ್ದರು. ಕ್ರಿಸ್ಮಸ್ ದಿನವೂ ಕುಡಿದು ಬಂದು ಅಮ್ಮನನ್ನು ಅಳಿಸಿದ್ದುಂಟು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೈಬಲ್ ಓದುವುದನ್ನು ಕಲಿಸಿದವರೂ ಅವರೇ.

ಈ ಕೊನೆಯ ಮಾತನ್ನು ಈಗ ನಂಬುತ್ತೀರಿ ತಾನೇ?