ರಾಚೆಸ್ಟರಿಗೆ ಹೊತ್ತ ನೀರು

ಆ ಚಳಿಗಾಲವಿಡೀ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿ ಇಡುವುದಕ್ಕೂ ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಪಿಕಪ್ ಟ್ರಕ್ಕುಗಳ ಬಣ್ಣದ ಚಿತ್ರಗಳು; ಸಾರಿನ ಪಾತ್ರೆಯನ್ನು ಒಂದು ಹಸಿರು ಟ್ರಕ್ಕಿನ ನೆತ್ತಿಯ ಮೇಲೂ ಮಜ್ಜಿಗೆಯನ್ನು ಇನ್ನೊಂದರ ಚಕ್ರದ ಪಕ್ಕದಲ್ಲೂ ಇಟ್ಟುಕೊಂಡು ಊಟ ಮುಗಿಸುತ್ತಿದ್ದೆವು. ನನಗೆ ಗಂಡು ಹುಡುಕುವಾಗ ನಮ್ಮಪ್ಪ ಕೂಡ ಇಷ್ಟು ವಿಚಾರಿಸಿರಲಿಲ್ಲ ಎಂದು ನಾನು ಛೇಡಿಸಿದರೆ, ನಮ್ಮ ಯಜಮಾನರು ತಲೆ ಎತ್ತದೆಯೇ, "ಅದಕ್ಕೇ ನಿನಗೆ ನಾನು ಸಿಕ್ಕಿದ್ದು" ಎನ್ನುತ್ತಿದ್ದರು.

ಆ ಕಾಲವನ್ನು ಬಲ್ಲವರು ನೀವಾದರೆ ನಗುತ್ತೀರಿ. ಗ್ಯಾಸಿಗಾಗಿ, ಎಂದರೆ ಪೆಟ್ರೋಲಿಗಾಗಿ, ಕಾರುಗಳು ಬೀದಿಯುದ್ದಕ್ಕೂ ಸಾಲುಗಟ್ಟಿ ನಿಂತು ಜನ ಹೈರಾಣಾಗಿದ್ದ ಎಪ್ಪತ್ತರ ದಶಕದ ನಡುವಿನ ದಿನಗಳು ಅವು. ನಾವಿದ್ದ ಓಲ್ಡ್ ಬ್ರಿಡ್ಜ್ ಎಂಬ ಊರಿನ ನೆರೆಹೊರೆಯವರು ದೊಡ್ಡ ಕಾರು ಮಾರಿ ಅಂಗೈಯಗಲದ ಕಾರು ಕೊಳ್ಳುತ್ತಿದ್ದಾಗ, ಪಿಸ್ಕಾಟವೇಯಲ್ಲಿ ಟೆಲಿಫೋನ್ ಎಂಜಿನಿಯರಾಗಿದ್ದ ಈ ಮಹಾನುಭಾವರು ಗ್ಯಾಸನ್ನು ಗಟಗಟನೆ ಕುಡಿಯುವ ಟ್ರಕ್ಕೊಂದನ್ನು ಹುಡುಕುತ್ತ ಕೂತಿದ್ದರು. ಕಾರಣ ನಮ್ಮತ್ತೆ.

ಅತ್ತೆ ಮೈಸೂರಿನಿಂದ ನಮ್ಮಲ್ಲಿಗೆ ಬಂದು ಆಗಲೇ ಕೆಲವು ತಿಂಗಳಾಗಿತ್ತು. ಅವರ ಮಗಳು, ಎಂದರೆ ನನ್ನ ನಾದಿನಿ ವನಜಾ, ರಾಚೆಸ್ಟರಿನಲ್ಲಿದ್ದಳು. ಓದಲು ಬಂದವಳು ಜೊತೆಯಲ್ಲಿ ಓದುತ್ತಿದ್ದ ಪೀಟರನನ್ನು ಮದುವೆಯಾದ ಸುದ್ದಿ ಮೈಸೂರು ತಲುಪಿದ ದಿನ ಅತ್ತೆ ದೇವರ ಮುಂದೆ ನಿಂತು, "ಇನ್ನು ಅವಳ ಮನೆ ನೀರೂ ಮುಟ್ಟೋಲ್ಲ" ಎಂದುಬಿಟ್ಟಿದ್ದರು. ಅಂದಿನಿಂದ ಆ ಹೆಸರನ್ನೇ ಎತ್ತಿರಲಿಲ್ಲ. ವನಜಾಳಿಗೆ ಹೆಣ್ಣುಮಗು ಹುಟ್ಟಿತು; ಆಗಲೂ ಎತ್ತಲಿಲ್ಲ. ಮಗಳೇನು ಕಡಿಮೆಯೇ? "ಅಮ್ಮನೇ ಬರಲಿ ಅತ್ತಿಗೆ. ನನ್ನ ಮನೆ ನೀರು ಬೇಡ ಅಂದವರ ಮುಂದೆ ಮಗು ಎತ್ಕೊಂಡು ನಾನ್ಯಾಕೆ ಹೋಗಿ ನಿಲ್ಲಲಿ?" ಎಂದು ಫೋನಿನಲ್ಲಿ ಅತ್ತಳು. ಬರುವ ಬೇಸಿಗೆಯ ಕೊನೆಗೆ ಅತ್ತೆ ಊರಿಗೆ ಹಿಂತಿರುಗುವವರಿದ್ದರು. ಸಮುದ್ರ ದಾಟಿ ಬಂದ ಅಜ್ಜಿ ಮೊಮ್ಮಗಳ ಮುಖ ನೋಡದೆಯೇ ಹೋಗುತ್ತಾರಲ್ಲ ಎಂಬ ಸಂಕಟ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಹೀಗಿರುವಾಗ, ಇನ್ನೂ ಹಿಮ ಬೀಳುವ ಮೊದಲು, ಬೀದಿಯ ಕೊನೆಯ ಮನೆಯವರು ತಮ್ಮ ಟ್ರೇಲರನ್ನು ಮಾರಾಟಕ್ಕಿಟ್ಟರು. ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಉದ್ದನೆಯ ಮನೆ ಅದು. ಒಲೆ, ಮಂಚ, ಬಚ್ಚಲು, ನೀರಿನ ಟ್ಯಾಂಕು ಎಲ್ಲವೂ ಉಂಟು. ನಮ್ಮೊಡನೆ ತಿರುಗಾಡಲು ಬಂದಿದ್ದ ಅತ್ತೆ ಕುತೂಹಲಕ್ಕೆ ಒಳಗೆ ಹೋದರು. ಒಲೆಯನ್ನು ಮುಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ಕಿಟಕಿಯಾಚೆ ನೋಡುತ್ತ ತುಂಬ ಹೊತ್ತು ನಿಂತರು. ಆಮೇಲೆ ಮಗನ ಕಡೆ ತಿರುಗದೆಯೇ, "ಇದನ್ನ ವನಜನ ಮನೆ ಮುಂದೆ ನಿಲ್ಲಿಸಬಹುದೇನೋ?" ಎಂದು ಕೇಳಿದರು.

ನಮ್ಮ ಯಜಮಾನರ ಕಣ್ಣು ತುಂಬಿ ಬಂತು. ಟ್ರೇಲರನ್ನು ಅಂದೇ ಕೊಂಡೆವು.

ಅದನ್ನು ಎಳೆಯುವ ತಾಕತ್ತು ನಮ್ಮ ಕಾರಿಗಿರಲಿಲ್ಲ, ಹಾಗಾಗಿ ಟ್ರಕ್ಕು. ಸಲಹೆಗಾರರಿಗೇನು ಬರವೇ? ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ ಎಂಜಿನ್ನು, ಆಕ್ಸಲ್ಲು, ಬ್ರೇಕುಗಳದೇ ಪುರಾಣ. "ನೀರಿನ ಟ್ಯಾಂಕ್ ಖಾಲಿ ಇಟ್ಕೊಂಡು ಡ್ರೈವ್ ಮಾಡಿ, ಅಲ್ಲಿ ಹೋಗಿ ತುಂಬಿಸ್ಕೊಳ್ಳಿ, ಭಾರ ಕಮ್ಮಿ ಆಗತ್ತೆ" ಎಂಬುದು ಮಾತ್ರ ಎಲ್ಲರ ಒಮ್ಮತದ ಮಾತು. ಅದೊಂದನ್ನೇ ನಾವು ಪಾಲಿಸುವಂತಿರಲಿಲ್ಲ. ಅಲ್ಲಿಯ ನೀರೆಂದರೆ ವನಜಾಳ ಮನೆಯ ನೀರು! ಟ್ಯಾಂಕನ್ನು ತುಂಬಿಸಿಯೇ ಒಯ್ಯಬೇಕು. ಅತ್ತೆಯ ಸ್ನಾನಕ್ಕೆ, ಮಡಿಗೆ, ಅಡಿಗೆಗೆ ಅದೂ ಸಾಲದೆಂದು ಟ್ರಕ್ಕಿನ ಬೆನ್ನ ಮೇಲೆ ಡ್ರಮ್ಮುಗಳಲ್ಲೂ ನೀರು ಹೊರಬೇಕು. ಇದನ್ನೆಲ್ಲ ವಿವರಿಸಿದಾಗ ಟ್ರಕ್ಕು ಮಾರುವವನು ಪೆನ್ಸಿಲನ್ನು ಕೆಳಗಿಟ್ಟು, ರಾಚೆಸ್ಟರಿನಲ್ಲಿ ನೀರಿಲ್ಲವೇ ಎಂದು ಕೇಳಿದ. ಸಮುದ್ರದಂಥ ಸರೋವರದ ದಂಡೆಯ ಊರು ಅದು. ನಮ್ಮವರು ಬಹಳ ಗಂಭೀರವಾಗಿ, ಇದೆ, ಆದರೆ ನಮಗಲ್ಲ ಎಂದರು.

"ಯಾವುದೋ ಒಂದು ತಗೊಂಡ್ರೆ ಆಯ್ತಪ್ಪ, ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀರಿ?" ಎಂದು ಒಂದು ದಿನ ರೇಗಿದೆ. ಅವರು ಕನ್ನಡಕ ತೆಗೆದು, "ದಾರೀಲಿ ಕೆಟ್ಟು ನಿಂತರೆ ದೇವರೇ ಬೇಡ ಅಂದ ಅಂತ ಅಮ್ಮ ಅಂದ್ಕೋತಾರೆ ಕಣೇ. ಆಮೇಲೆ ಹೊರಡೋಲ್ಲ" ಎಂದರು. ಅಂದಿನಿಂದ ಆ ಚಿತ್ರಗಳ ಮೇಲೆ ಪಾತ್ರೆ ಇಡುವುದನ್ನು ಬಿಟ್ಟೆ. ಮನುಷ್ಯರು ವಿಚಿತ್ರ, ಅಲ್ಲವೇ? ಕೋಪದ ಮಾತನ್ನು ಆಡುವುದು ಒಂದೇ ಉಸಿರಿನಲ್ಲಿ. ಅದನ್ನು ಹೊತ್ತು ಸಾಗಿಸುವುದಕ್ಕೆ ಮಾತ್ರ ಎಂಟು ಸಿಲಿಂಡರಿನ ಎಂಜಿನ್ನೇ ಬೇಕಾಯಿತು. ನುಂಗಿಕೊಳ್ಳಬಾರದೇ ಎಂದು ನಾವು ಸುಲಭವಾಗಿ ಹೇಳುತ್ತೇವೆ, ಆದರೆ ದೇವರ ಮುಂದೆ ಆಡಿದ ಮಾತನ್ನು ನುಂಗುವ ಗಂಟಲು ಎಲ್ಲರಿಗೂ ಇರುವುದಿಲ್ಲ. ಅತ್ತೆಯ ಹಟದ ಮೇಲೆ ನನಗಿದ್ದ ಸಿಟ್ಟು ಆ ಚಳಿಗಾಲದಲ್ಲಿ ನನಗೆ ತಿಳಿಯದಂತೆಯೇ ಮರುಕವಾಗಿತ್ತು.

ಕೊನೆಗೆ ಎರಡು ಟ್ರಕ್ಕುಗಳು ಉಳಿದವು. ಓಡುವ ಟ್ರೇಲರಿನಲ್ಲಿ ಕೂರುವಂತಿಲ್ಲವಾದ್ದರಿಂದ ಅತ್ತೆ ಮುಂದಿನ ಉದ್ದ ಸೀಟಿನಲ್ಲಿ ನಮ್ಮಿಬ್ಬರ ನಡುವೆಯೇ ಕೂರಬೇಕಿತ್ತು. ಒಂದಕ್ಕೆ ಅವರನ್ನು ಹತ್ತಿಸಿ ನೋಡಿದೆವು. ನೆಲದಿಂದ ಎದ್ದ ಗೇರಿನ ಕೋಲು ಅವರ ಮೊಣಕಾಲಿಗೆ ತಾಗಿತು. "ಮಧ್ಯದಲ್ಲಿ ಇದೇನೋ ಗೂಟ!" ಎಂದು ಸೀರೆ ಸರಿಪಡಿಸಿಕೊಳ್ಳುತ್ತ ಇಳಿದೇಬಿಟ್ಟರು. ಸ್ಟಿಯರಿಂಗಿನ ಪಕ್ಕದಲ್ಲಿ ಗೇರಿದ್ದ ಇನ್ನೊಂದು ನಮ್ಮ ಮನೆಗೆ ಬಂತು.

ಮೇ ತಿಂಗಳಲ್ಲಿ ಹೊರಟೆವು. ಹೊರಡುವ ಬೆಳಿಗ್ಗೆ ನಮ್ಮವರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಅಂಗಳದಲ್ಲಿ ನಿಂತು ಪೈಪು ಹಿಡಿದು ಡ್ರಮ್ಮುಗಳನ್ನು ತುಂಬಿಸುವಾಗ, ಎದುರು ಮನೆಯವರು ಕಾಫಿ ಲೋಟ ಹಿಡಿದು ಕಿಟಕಿಯಲ್ಲೇ ನಿಂತಿದ್ದರು. ಪೆನ್ಸಿಲ್ವೇನಿಯಾದ ಗುಡ್ಡಗಳನ್ನು ಏರುವಾಗ ಟ್ರಕ್ಕು ಏದುಸಿರು ಬಿಟ್ಟಿತು. ಅತ್ತೆ ಕಣ್ಣು ಮುಚ್ಚಿ ಏನೋ ಪಠಿಸಿದರು. ನಾನು ದೇವರಲ್ಲಿ ಬೇಡಿಕೊಂಡದ್ದು ರೇಡಿಯೇಟರಿನ ಕ್ಷೇಮವನ್ನು. ಅದು ಕೈಕೊಡಲಿಲ್ಲ.

ವನಜಾ ಮಗುವನ್ನೆತ್ತಿಕೊಂಡು ಮನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳು ಇಳಿಯಲಿಲ್ಲ, ಅತ್ತೆ ಹತ್ತಲಿಲ್ಲ. ಡ್ರೈವ್‌ವೇಯಲ್ಲಿ ಟ್ರೇಲರ್ ನಿಂತಿತು, ಅದರೊಳಗೆ ಒಲೆ ಹತ್ತಿತು, ಒಗ್ಗರಣೆಯ ಘಮ ಹೊರಗೆ ಹರಡಿತು. ಮೊದಲು ಬಂದವನು ಪೀಟರ್. ಸಾರನ್ನ ಉಂಡು, ಕಣ್ಣು ಮೂಗು ಒರೆಸಿಕೊಳ್ಳುತ್ತ ಇನ್ನಷ್ಟು ಬಡಿಸಿಕೊಂಡ. ಆಮೇಲೆ ವನಜಾ ಬಂದಳು. ತಾಯಿ ಮಗಳು ಮಗುವಿನ ಮೂಲಕವೇ ಮಾತಾಡಿದರು. "ನಿಮ್ಮಮ್ಮನಿಗೆ ತುಪ್ಪ ಬೇಕೇನೋ ಕೇಳು ಪುಟ್ಟಿ." "ಅಜ್ಜಿಗೆ ಸಾಕು ಅಂತ ಹೇಳು ಪುಟ್ಟಿ." ಪುಟ್ಟಿ ಇಬ್ಬರ ಮುಖವನ್ನೂ ನೋಡಿ ಅನ್ನದ ಕೈಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದಳು.

ಹೀಗೇ ಎರಡು ಮೂರು ದಿನ ಕಳೆಯಿತು. ಒಂದು ಮಧ್ಯಾಹ್ನ ನಾನು ಟ್ರೇಲರಿನ ನಲ್ಲಿಯಲ್ಲಿ ಕೈ ತೊಳೆದು ಈಚೆ ಬಂದು ಕೂತಿದ್ದೆ. ನೀರು ಧಾರಾಳವಾಗಿಯೇ ಬಂದಿತ್ತು. ವನಜಾ ಟ್ರೇಲರಿನ ಮೆಟ್ಟಿಲ ಮೇಲೆ ಮಗುವಿಗೆ ತಲೆ ಬಾಚುತ್ತಿದ್ದಳು. ಅತ್ತೆ ಹಿತ್ತಾಳೆ ಬಿಂದಿಗೆ ಹಿಡಿದು ಬಾಗಿಲಿಗೆ ಬಂದರು.

"ಟ್ಯಾಂಕಲ್ಲಿ ನೀರು ಮುಗೀತು ಕಣೇ ವನಜಾ. ನಿಮ್ಮನೇಲಿ ಒಂದು ಬಿಂದಿಗೆ ತುಂಬಿಸ್ಕೊಂಡು ಬಾ."

ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ. ವನಜಾ ತಾಯಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಮಗುವನ್ನು ನನ್ನ ಮಡಿಲಿಗೆ ಹಾಕಿ, ಬಿಂದಿಗೆ ಕಸಿದುಕೊಂಡು ಬರಿಗಾಲಲ್ಲಿ ಓಡಿದಳು. ಅರ್ಧ ನೀರನ್ನು ಮೈಮೇಲೆಯೇ ಚೆಲ್ಲಿಕೊಂಡು ಬಂದಳು. ಅತ್ತೆ ಬಾಗಿಲಲ್ಲೇ ಕೂತು ಅದನ್ನು ಲೋಟಕ್ಕೆ ಬಗ್ಗಿಸಿ, ಎತ್ತಿ ಕುಡಿದು, "ತಣ್ಣಗಿದೆ" ಎಂದರು. ವನಜಾ ತಾಯಿಯ ಕಾಲ ಬಳಿ ಕುಸಿದು, ಮಡಿಲಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ಅವಳ ಒದ್ದೆ ಕೂದಲನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ನನಗೂ ಅಳು ಬಂತು, ಮುಚ್ಚಿಡುವುದೇಕೆ.

ಹೊರಡುವ ದಿನ ನಮ್ಮವರು ಟ್ಯಾಂಕಿನಲ್ಲಿ ಅಷ್ಟಿಷ್ಟು ಉಳಿದದ್ದನ್ನು ಬಿಟ್ಟುಬಿಡೋಣವೆಂದು ಟ್ರೇಲರಿನ ಅಡಿಯ ನಲ್ಲಿ ತಿರುಗಿಸಿದರು. ಓಲ್ಡ್ ಬ್ರಿಡ್ಜಿನ ನೀರು ವನಜಾಳ ಹುಲ್ಲುಹಾಸಿನ ಮೇಲೆ ಹರಿಯಿತು, ಹರಿಯುತ್ತಲೇ ಇತ್ತು. ಡ್ರಮ್ಮುಗಳ ಮುಚ್ಚಳ ತೆಗೆದರೆ ಅವೂ ತುಂಬಿಯೇ ಇದ್ದವು. ಅವರು ಬೆರಗಾಗಿ ನನ್ನತ್ತ ನೋಡಿದರು. ಏನೂ ಕೇಳಬೇಡಿ ಎಂದು ತಲೆಯಾಡಿಸಿದೆ.

ಆಗಲೇ ಟ್ರಕ್ಕಿನ ನಡುವೆ ಕೂತು, ಮೊಮ್ಮಗಳು ಕಿತ್ತುಕೊಟ್ಟ ಹೂವನ್ನು ಮುಡಿಗೇರಿಸಿಕೊಂಡಿದ್ದ ಅತ್ತೆ ಒಳಗಿನಿಂದಲೇ ಕೂಗಿದರು: "ಇನ್ನೂ ಎಷ್ಟು ಹೊತ್ತೋ? ಪೂರ್ತಿ ಚೆಲ್ಲಿಬಿಡು. ಬರೋವಾಗ ಗಾಡಿಗೆ ಬಲು ಭಾರ ಆಗಿತ್ತು, ಪಾಪ."