ನಾನು ಕೊಟ್ಟ ಮಣ್ಣಿನಲ್ಲಿ ಬೆಳೆದ ಗಿಡ

ಕೊಲ್ಲಿ ದೇಶದ ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಸಳೆ, ಬೆಂಡೆ, ಟೊಮೆಟೊ ಬೆಳೆಸುವುದು ನನಗೊಂದು ಹುಚ್ಚು. ತೋಟವೊಂದರಿಂದ ಆಡಿನ ಹಿಕ್ಕೆ ತಂದು, ತರಕಾರಿ ಸಿಪ್ಪೆ, ಒಣಎಲೆ ಬೆರೆಸಿ ಟೆರೇಸಿನ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಕೊಳೆಸುತ್ತಿದ್ದೆ. ಅದು ಕಪ್ಪಗಾಗಿ, ನಾತವೆಲ್ಲ ಹೋಗಿ ಹಸಿಮಣ್ಣಿನ ವಾಸನೆ ಬಂದ ಮೇಲೆ ತೆಂಗಿನ ನಾರಿನ ಪುಡಿ ಸೇರಿಸಿ ಕುಂಡಗಳಿಗೆ ತುಂಬುತ್ತಿದ್ದೆ.

ಮೇಲಿನ ಮಹಡಿಗೆ ಬೆಂಗಳೂರಿನ ಇಂಜಿನಿಯರ್ ಒಬ್ಬ ಬಂದ. ದೂರದ ಮರುಭೂಮಿಯ ದುಕ್ಮ್‌ನಲ್ಲಿ ಬಹಳ ಕಾಲ ಒಬ್ಬಂಟಿಯಾಗಿದ್ದು ವರ್ಗವಾಗಿ ಬಂದವನು. ಕಣ್ಣಿನ ಕೆಳಗೆ ಸದಾ ಕಪ್ಪು.

"ಅಕ್ಕಾ, ನಿಮ್ ಮಣ್ಣು ಸ್ವಲ್ಪ ಕೊಡ್ತೀರಾ? ಟೊಮೆಟೊ ಹಾಕೋಣ ಅಂತ," ಎಂದ.

ನನಗೆ ಖುಷಿಯಾಗಿ ಚೀಲ ತುಂಬಿಸಿ ಕೊಟ್ಟೆ. ಹಸಿ ಗೊಬ್ಬರ ಮಾತ್ರ ಹಾಕಬೇಡ, ಬೇರು ಸುಡುತ್ತದೆ ಎಂದೂ ಹೇಳಿದೆ.

ಕೆಲವು ತಿಂಗಳಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅವನಿಂದ ಮೆಸೇಜು ಬಂತು. ಕೋಳಿಗೊಬ್ಬರ ಹಾಕಿದೆ, ಎಲೆಯ ತುದಿ ಒಣಗುತ್ತಿದೆ, ಏನು ಮಾಡಲಿ ಎಂದು. ಜೊತೆಗೆ ಫೋಟೊ. ಕೈಬೆರಳಿನಂತೆ ಹರಡಿದ, ಅಂಚು ಗರಗಸದಂತಿದ್ದ ಎಲೆ. ಊರಿನ ಪೇಪರಿನಲ್ಲಿ ಪೊಲೀಸರು ಹಿಡಿದ ರಾಶಿಯ ಮುಂದೆ ನಿಂತ ಚಿತ್ರಗಳಲ್ಲಿ ಆ ಎಲೆಯನ್ನು ನೋಡಿದ್ದೆ.

ಗಂಡನಿಗೆ ತೋರಿಸಿದೆ.

"ಗಾಂಜಾ ಮಾರಾಯ್ತಿ ಇದು! ಈ ದೇಶದಲ್ಲಿ ಸಿಕ್ಕಿಬಿದ್ರೆ ಎಂತ ಆಗ್ತದೆ ಗೊತ್ತುಂಟಾ? ಮೊದ್ಲು ಡಿಲೀಟ್ ಮಾಡು."

ಡಿಲೀಟ್ ಮಾಡಿದೆ. ಆದರೆ ಮಣ್ಣು? ಬಿಲ್ಡಿಂಗಿನಲ್ಲಿ ಗೊಬ್ಬರ ಮಾಡುವವಳು ನಾನೊಬ್ಬಳೇ ಎಂದು ವಾಚ್‌ಮನ್‌ಗೂ ಗೊತ್ತು. ಜೈಲು, ಗಡೀಪಾರು, ಮಕ್ಕಳ ಶಾಲೆ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಗಂಡ ಬೇಡವೆಂದರೂ ಕೇಳದೆ ಮೆಟ್ಟಿಲು ಹತ್ತಿದೆ.

ಪರದೆ ಎಳೆದ ಕೋಣೆಯಲ್ಲಿ ದೀಪದ ಕೆಳಗೆ ಕುಂಡಗಳು. ಸೊಂಟದೆತ್ತರದ ಗಿಡಗಳು.

"ನಿಮ್ಗೆ ಎಲೆ ಗುರ್ತು ಸಿಗಲ್ಲ ಅಂದ್ಕೊಂಡೆ. ನಿದ್ದೆ ಬರಲ್ಲ ಅಕ್ಕಾ. ದುಕ್ಮ್‌ನಲ್ಲಿದ್ದಾಗಿಂದ. ಯಾರಿಗೂ ಮಾರಲ್ಲ, ಆಣೆ."

"ಪೊಲೀಸ್ರು ಅದನ್ನೆಲ್ಲ ಕೇಳ್ತಾರಾ? ಈಗ್ಲೇ ಕಿತ್ತು ಹಾಕು."

ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು. ಅವನು ಅಲ್ಲಾಡದೆ ನಿಂತ. ನಾನೇ ಆ ಕೋಣೆಯ ಬಾಗಿಲೆಳೆದು ಹೊರಗೆ ಹೋದೆ. ವಾಚ್‌ಮನ್, ಅವನ ಹಿಂದೆ ಪ್ಲಂಬರ್. ನಮ್ಮ ಪಕ್ಕದ ಮನೆಯ ಸೀಲಿಂಗಿನಲ್ಲಿ ನೀರು ಸೋರುತ್ತಿದೆಯಂತೆ.

"ಆಪ್ ಇಧರ್, ಭಾಭಿ?" ನೀವೇನು ಇಲ್ಲಿ ಎಂಬಂತೆ ಕೇಳಿದ ವಾಚ್‌ಮನ್.

"ಟಮಾಟರ್ ದೇಖ್‌ನೇ ಆಯೀ," ಟೊಮೆಟೊ ಗಿಡ ನೋಡಲು ಬಂದೆ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಪ್ಲಂಬರ್ ಬಾತ್‌ರೂಮು ನೋಡಿ ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತು ಅದರ ಹಿಡಿಯ ಮೇಲೆ ಕೈಯಿಟ್ಟ. ಆಗ ಅಡುಗೆಮನೆಯಿಂದ ವಾಚ್‌ಮನ್ ಕೂಗಿದ. ಸಿಂಕಿನ ಕೆಳಗೆ ಪೈಪು ಸಡಿಲವಾಗಿತ್ತು. ಪ್ಲಂಬರ್ ಆ ಕಡೆ ನಡೆದ. ಬಿಗಿ ಮಾಡಿ, "ಖಲಾಸ್" ಎಂದು ಇಬ್ಬರೂ ಹೊರಟುಹೋದರು.

ಕೋಣೆಯ ಬಾಗಿಲು ತೆರೆದೆ. ಅವನು ನೆಲದಲ್ಲಿ ಕುಸಿದು ಕುಳಿತು ಅಳುತ್ತಿದ್ದ. ಆಮೇಲೆ ಎದ್ದು ತಾನೇ ಒಂದೊಂದು ಗಿಡವನ್ನೂ ಕಿತ್ತ. ನಾನು ಕೊಳೆಸಿದ ಗೊಬ್ಬರ ಬೇರುಗಳಿಗೆ ದಪ್ಪಗೆ ಅಂಟಿಕೊಂಡಿತ್ತು. ಅವನ್ನು ಏನು ಮಾಡುತ್ತಾನೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. "ಡಾಕ್ಟರ ಹತ್ರ ಹೋಗು ತಮ್ಮಾ, ನಿದ್ದೆಗೆ ಮದ್ದುಂಟು," ಎಂದಷ್ಟೇ ಹೇಳಿ ಇಳಿದು ಬಂದೆ.

ಆಮೇಲೆ ಎಷ್ಟೋ ದಿನ ಬೆಲ್ ಆದರೆ ಮಕ್ಕಳನ್ನು ಬಾಗಿಲ ಹತ್ತಿರ ಬಿಡಲಿಲ್ಲ. ಹೈವೇಯಲ್ಲಿ ಪೊಲೀಸ್ ಗಾಡಿ ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ, ತಾಯಿಯ ಮನೆಗೆ ಹೋದ. ಹೋಗುವ ದಿನ ಬಂದು, ಡಾಕ್ಟರನ್ನು ಕಂಡಿದ್ದೇನೆ, ಈಗ ಸ್ವಲ್ಪ ನಿದ್ದೆ ಬರುತ್ತಿದೆ ಎಂದ. ನಾನು ಅವನನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿ ಕಳಿಸಿದೆ.